ಹದಿನಾಲ್ಕು ನಿಮಿಷದ ಅಡುಗೆಮನೆ

“ಎರಡು ದಿನ ನೀನು ಸೌಟು ಮುಟ್ಟಕೂಡದು!”

ಹೀಗೆಂದು ನಾನು ನನ್ನ ಹೆಂಡತಿಗೆ ಆಜ್ಞೆ ಹೊರಡಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ಆಗ ನಾನು ಅವಳು ಮಾಡಿಕೊಟ್ಟ ಕಾಫಿ ಕುಡಿಯುತ್ತಿದ್ದೆ, ಅವಳು ಇಸ್ತ್ರಿ ಮಾಡಿಟ್ಟ ಅಂಗಿ ತೊಟ್ಟಿದ್ದೆ, ಅವಳು ಹುಡುಕಿಕೊಟ್ಟ ಕನ್ನಡಕದಲ್ಲಿ ಪೇಪರ್ ಓದುತ್ತಿದ್ದೆ. ಹೊಳೆಯ ದಂಡೆಯಲ್ಲಿ ಟೆಂಟ್ ಹಾಕಿಕೊಂಡು, ಬಯಲಲ್ಲೇ ಅಡುಗೆ ಮಾಡಿಕೊಂಡು ರಜೆ ಕಳೆಯುವವರ ಬಗ್ಗೆ ಆ ದಿನ ಇಡೀ ಒಂದು ಪುಟ ಬಂದಿತ್ತು. ಫೋಟೋದಲ್ಲಿ ಒಬ್ಬ ಗಂಡಸು ಪುಟ್ಟ ಒಲೆಯ ಮುಂದೆ ಬಾಣಲೆ ಹಿಡಿದು ಹಲ್ಲು ಕಿರಿಯುತ್ತಿದ್ದ. ಅವನ ಕೈಲಾಗುವುದು ನನ್ನ ಕೈಲಾಗದೇ?

“ಯಾಕೆ, ಸೌಟಿಗೇನಾಯ್ತು?” ಅಂದಳು ಹೆಂಡತಿ.

“ಸೌಟಿಗೇನೂ ಆಗಿಲ್ಲ. ನಿನಗೆ ರಜೆ! ಟೆಂಟಿನಲ್ಲಿ ಎರಡು ದಿನ. ಅಡುಗೆ ಪೂರ್ತಿ ನಂದು. ನೀನು ಚಾಪೆ ಮೇಲೆ ಮಲಗಿ ಆಕಾಶ ನೋಡ್ತಾ ಇರಬೇಕು, ಅಷ್ಟೇ.”

ಅವಳು ಆಕಾಶ ನೋಡುವ ಬದಲು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನಕ್ಕೆ ನೂರು ಜನರ ತೋಳಿಗೆ ಸೂಜಿ ಚುಚ್ಚಿ, ಮನೆಗೆ ಬಂದು ಒಲೆ ಹಚ್ಚುತ್ತಾಳೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಒಲೆಗೆ ರಜೆ ಕೊಟ್ಟಿಲ್ಲ. ಜ್ವರ ಬಂದರೂ ಹಣೆಗೆ ಬಟ್ಟೆ ಕಟ್ಟಿಕೊಂಡು ಅನ್ನಕ್ಕೆ ಇಟ್ಟವಳು. ಅದು ನೆನಪಾದಾಗಲೆಲ್ಲ ನನಗೆ ನಿಜವಾಗಿಯೂ ನಾಚಿಕೆಯಾಗುತ್ತದೆ. ಆಮೇಲೆ ಊಟದ ಹೊತ್ತಾಗುತ್ತದೆ, ಮರೆತುಹೋಗುತ್ತದೆ.

“ಅಪ್ಪ?” ಅಂದಳು.

ಅಪ್ಪ ಅಂದರೆ ನನ್ನ ಮಾವ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾಗಿ, ಈಗ ನಮ್ಮ ಜೊತೆಗಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಸರಿಯಾಗಿ ಅರ್ಧ ಗಂಟೆ ಮುಂಚೆ ಒಂದು ಮಾತ್ರೆ ನುಂಗಬೇಕು. ನುಂಗಿದ ಮೇಲೆ ಊಟ ತಡವಾಗುವ ಹಾಗಿಲ್ಲ. ಹೋದ ವರ್ಷ ಒಮ್ಮೆ ಮನೆಗೆ ಬಂದವರ ಜೊತೆ ನಾನು ಹರಟುತ್ತಾ ಕೂತು ಊಟ ಮುಕ್ಕಾಲು ಗಂಟೆ ತಡವಾಗಿ, ಮಾವ ಮೈಯೆಲ್ಲ ಬೆವರಿ, ಕೈ ಗಡಗಡ ನಡುಗಿ, ಸೋಫಾದ ಮೇಲೆ ಕುಸಿದುಬಿಟ್ಟಿದ್ದರು. ಹೆಂಡತಿ ಬಾಯಿಗೆ ಸಕ್ಕರೆ ಹಾಕಿ ಎಬ್ಬಿಸಿದಳು. ಆವತ್ತು ಅವಳು ನನ್ನ ಕಡೆ ಬೀರಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

“ಮಾವನವರೂ ನನ್ನ ಇಲಾಖೆ!” ಅಂದೆ ಎದೆ ತಟ್ಟಿಕೊಂಡು. “ಮಾತ್ರೆ, ನೀರು, ಊಟ, ಎಲ್ಲಾ ನಾನೇ!”

“ನೋಡಿ, ಅಪ್ಪನ ವಿಷಯದಲ್ಲಿ ಆಟ ಬೇಡ.”

“ಆಟಾನಾ? ನಾನು ಯಾರು ಅಂತ ಮರೆತೆಯಾ?”

ನಾನು ಯಾರು ಅಂತ ನಿಮಗೂ ಹೇಳಿಬಿಡುತ್ತೇನೆ. ಪಂಪ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷದಿಂದ ಸ್ಟೋರ್ ಕೀಪರ್! ಒಂದು ವಾಷರ್ ಕೂಡ ನನ್ನ ರಿಜಿಸ್ಟರಿಗೆ ಏರದೆ ಒಳಗೆ ಬರುವುದಿಲ್ಲ, ನನ್ನ ಚೀಟಿಯಿಲ್ಲದೆ ಹೊರಗೆ ಹೋಗುವುದಿಲ್ಲ. ಮೊದಲು ಬರೆ, ಆಮೇಲೆ ಮುಟ್ಟು. ಇದು ನನ್ನ ಸಾಮ್ರಾಜ್ಯದ ಕಾನೂನು. ಫಿಟ್ಟರುಗಳು ಸ್ಪ್ಯಾನರಿಗೊಮ್ಮೆ, ನಟ್ಟಿಗೊಮ್ಮೆ, ಗ್ರೀಸಿಗೊಮ್ಮೆ ನನ್ನ ಕಿಟಕಿಗೆ ಬಂದರೆ, “ಒಟ್ಟಿಗೇ ಬರ್ಕೊಂಡು ಬರೋಕೆ ಏನ್ರೀ ಕಷ್ಟ?” ಎಂದು ಅವರ ಬೆವರಿಳಿಸಿ ಕಳಿಸುತ್ತೇನೆ.

ಅಂಥವನು ಒಂದು ಅಡುಗೆಮನೆಯನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಲಾರನೇ?

ಕಾರ್ಖಾನೆಯ ಬಡಗಿಗೆ ಹೇಳಿ ಪ್ಲೈವುಡ್ಡಿನ ಒಂದು ಪೆಟ್ಟಿಗೆ ಮಾಡಿಸಿದೆ. ಒಳಗೆ ಒಂದೊಂದು ಸಾಮಾನಿಗೂ ಒಂದೊಂದು ಗೂಡು, ಗೂಡಿನ ಮೇಲೆ ಕೆಂಪು ಬಣ್ಣದಲ್ಲಿ ನಂಬರು. ಮುಚ್ಚಳದ ಒಳಭಾಗದಲ್ಲಿ ಪಟ್ಟಿ. ಆ ಪಟ್ಟಿ ಮಾಡಿದ್ದೂ ಶುದ್ಧ ಸ್ಟೋರ್ ಪದ್ಧತಿಯಲ್ಲೇ. ಮನೆಯ ಹಾಲಿನಲ್ಲಿ ಮಡಿಸುವ ಮೇಜು ಹಾಕಿ, ಗ್ಯಾಸ್ ಡಬ್ಬಿಯ ಪುಟ್ಟ ಒಲೆ ಜೋಡಿಸಿ, ಅಡುಗೆ ಶುರು ಮಾಡುವುದು. ಕಪಾಟಿನಿಂದ ಯಾವ ಸಾಮಾನು ತೆಗೆಯಬೇಕಾದರೂ ಮೊದಲು ಬರೆಯುವುದು, ಆಮೇಲೆ ತೆಗೆಯುವುದು. ಹೀಗೆ ಮೂರು ಭಾನುವಾರ ರಿಹರ್ಸಲ್ ನಡೆಸಿದೆ. ಹೆಂಡತಿ ಪಾಪ ಯಾವುದಕ್ಕೂ ತಲೆ ಹಾಕಲಿಲ್ಲ, ಸುಮ್ಮನೆ ನನ್ನ ಬಲಗಡೆ ಗೋಡೆಗೊರಗಿ ನಿಂತಿದ್ದಳು. ಮೂರನೇ ಭಾನುವಾರ ಪಟ್ಟಿಯಲ್ಲಿ ನಲವತ್ತೇಳು ಸಾಮಾನಿದ್ದವು. ಸ್ಟಾಪ್ ವಾಚ್ ಹಿಡಿದು ನೋಡಿದರೆ, ಪೆಟ್ಟಿಗೆ ತೆರೆದಾಗಿನಿಂದ ಒಲೆಯ ಮೇಲೆ ಪಾತ್ರೆ ಏರುವವರೆಗೆ ಹದಿನಾಲ್ಕು ನಿಮಿಷ! ತರಕಾರಿ ಹಾಕಿದ ಅನ್ನ ಬೇಯಲು ಹದಿನಾರು. ಒಟ್ಟು ಮೂವತ್ತು. ಮಾವನ ಮಾತ್ರೆಗೂ ಊಟಕ್ಕೂ ನಡುವೆ ಬೇಕಾದ ಅರ್ಧ ಗಂಟೆ! ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ. ಕನ್ನಡಿಯ ಮುಂದೆ ನಿಂತು ಇಲ್ಲದ ಮೀಸೆ ತಿರುವಿದೆ.

ಹೊರಡುವ ದಿನ ಹೆಂಡತಿ ಪೆಟ್ಟಿಗೆಯ ಹತ್ತಿರ ಬಂದು, “ಒಂದ್ಸಲ ನೋಡ್ಲಾ?” ಅಂದಳು.

“ಮುಟ್ಟಬೇಡ! ಸೀಲ್ ಆಗಿದೆ!”

“ಸರಿ,” ಅಂದಳು. ಆ ‘ಸರಿ’ಯಲ್ಲೇ ನಾನು ಎಚ್ಚರವಾಗಬೇಕಿತ್ತು.

ಹೊಳೆಯ ದಂಡೆಯ ಮೈದಾನದಲ್ಲಿ ಹತ್ತಾರು ಟೆಂಟುಗಳು. ನಮ್ಮ ಪಕ್ಕದ್ದು ಒಬ್ಬ ಟೈಲರಮ್ಮನದು. ಸುಮಾರು ಅರವತ್ತರ ಹೆಂಗಸು, ಕತ್ತಿನಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಹೊಲಿಗೆ ಅಂಗಡಿಯಿಂದ ನೇರವಾಗಿ ಬಂದ ಹಾಗಿತ್ತು. ಅವಳ ಇಡೀ ಅಡುಗೆಮನೆ ಒಂದು ಬಟ್ಟೆಚೀಲ, ಮೂರು ಕಲ್ಲು. ನನಗೆ ಅವಳನ್ನು ಕಂಡು ಅಯ್ಯೋ ಅನ್ನಿಸಿತು. ಪಟ್ಟಿಯಿಲ್ಲ, ನಂಬರಿಲ್ಲ, ಏನು ಬದುಕೋ!

ಟೆಂಟ್ ನಿಲ್ಲಿಸಿದ್ದಾಯಿತು. ಹೆಂಡತಿ ಮೂವತ್ತು ಹೆಜ್ಜೆ ಆಚೆ ಮರದ ಕೆಳಗೆ ಚಾಪೆ ಹಾಸಿ, ವಾರಪತ್ರಿಕೆ ಹಿಡಿದು ಉದ್ದಕ್ಕೆ ಮಲಗಿದಳು. ಮಾವ ಮಡಿಸುವ ಕುರ್ಚಿಯಲ್ಲಿ ಟೋಪಿ ಹಾಕಿಕೊಂಡು ಕೂತರು. ಗಡಿಯಾರ ಹನ್ನೆರಡೂವರೆ ತೋರಿಸಿತು. ನಾನು ಮಾತ್ರೆಯನ್ನೂ ನೀರಿನ ಲೋಟವನ್ನೂ ಅವರ ಮುಂದೆ ಹಿಡಿದೆ.

“ಮಾವ, ಮಾತ್ರೆ!”

ಅವರು ಇನ್ನೂ ತೆರೆಯದ ಪೆಟ್ಟಿಗೆಯನ್ನು ನೋಡಿದರು. ನನ್ನನ್ನು ನೋಡಿದರು. “ಊಟ ಎಷ್ಟು ಹೊತ್ತಿಗೆ, ಅಳಿಯಂದ್ರೇ?”

“ಒಂದು ಗಂಟೆಗೆ ಸರಿಯಾಗಿ ನಿಮ್ಮ ತಟ್ಟೆಯಲ್ಲಿ!”

“ಖಂಡಿತಾನಾ?”

“ಗಡಿಯಾರ ತಪ್ಪಬಹುದು ಮಾವ, ನಾನು ತಪ್ಪಲ್ಲ!”

ಮಾತ್ರೆ ಅವರ ಅಂಗೈಗೆ ಹೋಯಿತು, ಲೋಟ ಬಾಯಿಗೆ ಏರಿತು. ನಾನು ಸ್ಟಾಪ್ ವಾಚಿನ ಗುಂಡಿ ಒತ್ತಿ ಪೆಟ್ಟಿಗೆಗೆ ಧುಮುಕಿದೆ.

ಆಹಾ, ಆ ಮೊದಲ ಒಂಬತ್ತು ನಿಮಿಷ! ಮೇಜು ನಿಂತಿತು. ಗ್ಯಾಸ್ ಡಬ್ಬಿ ಒಲೆಗೆ ತಿರುಗಿಸಿದೆ, ಕೂತಿತು. ಪಾತ್ರೆ ಬಂತು, ಅಕ್ಕಿ ಬಂತು, ತರಕಾರಿ ಬಂತು, ಎಲ್ಲವೂ ನಂಬರಿನ ಪ್ರಕಾರ. ಪಕ್ಕದ ಟೆಂಟಿನವರು ನೋಡುತ್ತಿದ್ದಾರೆ ಅಂತ ಗೊತ್ತಾಗಿ ಸ್ವಲ್ಪ ಗತ್ತಿನಿಂದಲೇ ಓಡಾಡಿದೆ. ಒಲೆಯ ಗುಂಡಿಯ ಮೇಲೆ ಎಡಗೈ ಇಟ್ಟೆ. ಬಲಗೈ ಪಕ್ಕಕ್ಕೆ ಚಾಚಿದೆ.

“ಹೂಂ,” ಅಂದೆ.

ಏನೂ ಬರಲಿಲ್ಲ.

“ಹೂಂ!” ಅಂದೆ ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಗಾಳಿ ಬಂತು. ತಿರುಗಿ ನೋಡಿದೆ. ಬಲಗಡೆ ಗೋಡೆಯೂ ಇರಲಿಲ್ಲ, ಗೋಡೆಗೊರಗಿ ನಿಂತವಳೂ ಇರಲಿಲ್ಲ.

“ಲೈಟರ್ ಎಲ್ಲೇ?” ಎಂದು ಕೂಗಿದೆ.

“ಯಾವ ಲೈಟರು?” ಚಾಪೆಯಿಂದ ದನಿ ಬಂತು.

“ಒಲೆ ಹಚ್ಚೋದು!”

“ಅದಾ? ಮನೇಲಿ, ಕಿಟಕಿ ಪಕ್ಕ ಮೊಳೆಗೆ ನೇತುಹಾಕಿದ್ದೀನಲ್ಲ.”

“ರಿಹರ್ಸಲ್‌ನಲ್ಲಿ ಇತ್ತಲ್ಲೇ!”

“ರಿಹರ್ಸಲ್‌ನಲ್ಲಿ ನೀವು ‘ಹೂಂ’ ಅಂತ ಕೈ ಚಾಚಿದ್ರಿ. ನಾನು ಕೊಟ್ಟೆ.” ಪುಟ ಮಗುಚುವ ಸದ್ದು ಕೇಳಿಸಿತು.

ನಾನು ಕಪಾಟಿನಿಂದ ತೆಗೆದದ್ದೆಲ್ಲ ಪಟ್ಟಿಯಲ್ಲಿತ್ತು. ಆದರೆ ತಾನಾಗಿ ನನ್ನ ಅಂಗೈಗೆ ಬಂದು ಕೂತದ್ದು? ಅದನ್ನು ನಾನು ತೆಗೆಯಲೇ ಇಲ್ಲವಲ್ಲ, ಬರೆಯುವುದೆಲ್ಲಿಂದ! ಹದಿನೆಂಟು ವರ್ಷದ ಸರ್ವೀಸಿನಲ್ಲಿ ಮೊದಲ ಬಾರಿಗೆ, ಮೂರು ಭಾನುವಾರ, ಚೀಟಿಯಿಲ್ಲದ ಸಾಮಾನು ನನ್ನ ಕೈ ಸೇರಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಹಾಗಾದರೆ ನಾನು ಎಷ್ಟು ಸಲ ಕೈ ಚಾಚಿದ್ದೆ? ಎಷ್ಟು ಸಲ ‘ಹೂಂ’ ಅಂದಿದ್ದೆ? ನೆನಪು ಮಾಡಿಕೊಳ್ಳಲು ನೋಡಿದೆ. ಭಯವಾಯಿತು, ಬಿಟ್ಟೆ.

ಹನ್ನೆರಡೂ ನಲವತ್ತು! ಮಾವನ ಹೊಟ್ಟೆಯಲ್ಲಿ ಮಾತ್ರೆ ಕೆಲಸ ಶುರು ಮಾಡಿ ಹತ್ತು ನಿಮಿಷ ಆಗಿತ್ತು. ಟೈಲರಮ್ಮನ ಹತ್ತಿರ ಓಡಿದೆ.

“ಅಮ್ಮಾ, ಒಂದು ಬೆಂಕಿಪೊಟ್ಟಣ...”

“ತಗೊಳ್ಳಪ್ಪ. ಇನ್ನೇನಾದ್ರೂ ಬೇಕಾ?”

“ಇಲ್ಲ ಇಲ್ಲ, ಇಷ್ಟೇ!”

ಒಲೆ ಹತ್ತಿತು. ನೀರಿಟ್ಟೆ. ಕ್ಯಾರೆಟ್ ಕೈಗೆತ್ತಿಕೊಂಡು ಬಲಗೈ ಪಕ್ಕಕ್ಕೆ ಚಾಚಿದೆ. “ಹೂಂ.”

ಚಾಕು!

“ಅಮ್ಮಾ, ಒಂದು ಚಾಕು...”

“ತಗೊ. ಇನ್ನೇನು ಬೇಕು ಒಟ್ಟಿಗೇ ಹೇಳಿಬಿಡಪ್ಪ, ಸುಮ್ನೆ ಓಡಾಡ್ತೀಯ.”

ಆ ಮಾತು ನನಗೆಲ್ಲಿ ನಾಟಬೇಕೋ ಅಲ್ಲೇ ನಾಟಿತು. ನನ್ನ ಸ್ಟೋರಿನ ಕಿಟಕಿಯ ಆಚೆ ನಿಂತು ತಲೆ ಕೆರೆದುಕೊಳ್ಳುವ ಫಿಟ್ಟರುಗಳ ಮುಖಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. “ಇಲ್ಲಮ್ಮ, ಚಾಕು ಒಂದೇ,” ಎಂದು ತಲೆ ತಗ್ಗಿಸಿಕೊಂಡು ಬಂದೆ.

ಕ್ಯಾರೆಟ್ ಹೆಚ್ಚುತ್ತಾ ಮಾವನ ಕಡೆ ಕಣ್ಣು ಹಾಯಿಸಿದೆ. ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಬೆವರು! ಹೋದ ವರ್ಷವೂ ಶುರುವಾಗಿದ್ದು ಬೆವರಿನಿಂದಲೇ! ಚಾಕು ಹಿಡಿದುಕೊಂಡೇ ಅವರ ಹತ್ತಿರ ಓಡಿದೆ.

“ಮಾವ! ಬೆವರ್ತಾ ಇದ್ದೀರಾ?”

ಅವರು ಚಾಕುವನ್ನು ನೋಡಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. “ಬಿಸಿಲು ಅಳಿಯಂದ್ರೇ. ಬೆವರದೇ ಇನ್ನೇನು ಮಾಡ್ಲಿ?”

“ಕೈ ನಡುಗ್ತಾ ಇದೆಯಾ?”

“ನೀವು ಆ ಚಾಕು ಕೆಳಗಿಟ್ರೆ ನಿಲ್ಲುತ್ತೆ.”

ಹನ್ನೆರಡೂ ಐವತ್ತೈದು. ತರಕಾರಿ, ಅಕ್ಕಿ ಪಾತ್ರೆಗೆ ಬಿದ್ದವು. ಇನ್ನೇನು, ಹದಿನಾರು ನಿಮಿಷ! ಹನ್ನೊಂದು ನಿಮಿಷ ತಡ, ಅಷ್ಟೇ ತಾನೇ, ತಡೆದುಕೊಂಡಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವಷ್ಟರಲ್ಲಿ ಹೊಳೆಯ ಕಡೆಯಿಂದ ಗಾಳಿ ಬೀಸಿತು. ಒಲೆ ಆರಿತು. ಹಚ್ಚಿದೆ. ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಹಾಲಿನಲ್ಲಿ ರಿಹರ್ಸಲ್ ಮಾಡುವಾಗ ಗಾಳಿ ಇರಲಿಲ್ಲ ಸ್ವಾಮಿ, ಫ್ಯಾನ್ ಕೂಡ ಆರಿಸಿದ್ದೆ!

ಆಗ ನನ್ನ ತಲೆಗೆ ಒಂದು ಮಹಾ ಉಪಾಯ ಹೊಳೆಯಿತು. ಪೆಟ್ಟಿಗೆಯ ಮುಚ್ಚಳ ಕಳಚಿ ಒಲೆಯ ಮಗ್ಗುಲಿಗೆ ತಡಿಕೆಯ ಹಾಗೆ ನಿಲ್ಲಿಸಿದೆ. ಒಲೆ ಶಾಂತವಾಗಿ ಉರಿಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆದರೆ ಮುಚ್ಚಳದ ಒಳಮುಖ ಒಲೆಯ ಕಡೆಗಿತ್ತು. ಒಳಮುಖದಲ್ಲಿ ಅಂಟಿಸಿದ ಕಾಗದವಿತ್ತು!

ನಲವತ್ತೇಳು ಸಾಮಾನುಗಳ ಪಟ್ಟಿ ಭಗ್ಗೆಂದು ಹತ್ತಿಕೊಂಡಿತು!

“ರೀ, ಏನೋ ಸುಟ್ಟ ವಾಸನೆ!” ಎಂದಳು ಹೆಂಡತಿ, ಕಣ್ಣು ಪತ್ರಿಕೆಯಲ್ಲೇ ಇಟ್ಟುಕೊಂಡು.

“ಒಗ್ಗರಣೆ!” ಎಂದು ಕೂಗಿ, ಕೈಗೆ ಸಿಕ್ಕಿದ ನೀರಿನ ಕ್ಯಾನನ್ನು ಪೂರ್ತಿ ಬೋರಲು ಹಾಕಿದೆ. ಪಟ್ಟಿ ಆರಿತು. ಒಲೆಯೂ ಆರಿತು. ಅರ್ಧ ಪಟ್ಟಿ ಬೂದಿಯಾಗಿ ಅನ್ನದ ಪಾತ್ರೆಯಲ್ಲಿ ತೇಲುತ್ತಿತ್ತು. ಬೂದಿಯಲ್ಲಿ ಒಂದು ಕಡೆ ‘ಜರಡಿ, ೩೧’ ಎಂಬುದು ಇನ್ನೂ ಓದುವ ಹಾಗಿತ್ತು.

ಪಾತ್ರೆಯಲ್ಲಿದ್ದುದನ್ನು ಚೆಲ್ಲಿ ಮೊದಲಿನಿಂದ ಶುರು ಮಾಡಬೇಕಾಯಿತು. ಅದಕ್ಕೆ ನೀರು ಬೇಕು. ನೀರು ಒಂದು ತೊಟ್ಟೂ ಉಳಿದಿರಲಿಲ್ಲ. ನಲ್ಲಿ ಮೈದಾನದ ಆಚೆ ತುದಿಯಲ್ಲಿ. ಖಾಲಿ ಕ್ಯಾನ್ ಹಿಡಿದು ಓಡಿದೆ. ಆ ನಲ್ಲಿಯೋ, ಯಾವ ಜನ್ಮದ ಸೇಡೋ, ನೀರನ್ನು ಬೆರಳಿನ ಗಾತ್ರಕ್ಕಿಂತ ದಪ್ಪ ಬಿಡಲೇ ಇಲ್ಲ. ಕ್ಯಾನ್ ತುಂಬುವವರೆಗೆ ನಿಂತಲ್ಲೇ ಕುಣಿದೆ. ಪಕ್ಕದಲ್ಲಿದ್ದವರು ಅಪಾರ್ಥ ಮಾಡಿಕೊಂಡು, “ಶೌಚಾಲಯ ಆ ಕಡೆ ಇದೆ,” ಎಂದು ದಾರಿ ತೋರಿಸಿದರು.

ವಾಪಸು ಬಂದಾಗ ಒಂದೂ ಇಪ್ಪತ್ತು. ಒಲೆ ಹಚ್ಚಿ, ಅಕ್ಕಿ, ಉಳಿದ ತರಕಾರಿ ಹಾಕಿ, ಮಾವನ ಕಡೆ ತಿರುಗಿದೆ.

ಮಾವನ ತಲೆ ಎದೆಯ ಮೇಲೆ ವಾಲಿತ್ತು. ಕಣ್ಣು ಮುಚ್ಚಿತ್ತು. ಟೋಪಿ ನೆಲಕ್ಕೆ ಬಿದ್ದಿತ್ತು.

ಆ ಕ್ಷಣ ನಾನು ಅನುಭವಿಸಿದ್ದನ್ನು ಈಗ ನಗುತ್ತಾ ಹೇಳುತ್ತಿದ್ದೇನೆ ನಿಜ, ಆಗ ಮಾತ್ರ ಜೀವ ಬಾಯಿಗೆ ಬಂದಿತ್ತು. ಆ ಮನುಷ್ಯ ನನಗೆ ಮಗಳನ್ನು ಕೊಟ್ಟವರು. ಒಂದು ದಿನಕ್ಕೂ ಗಟ್ಟಿಯಾಗಿ ಒಂದು ಮಾತಾಡಿದವರಲ್ಲ. ಅವರ ಕೈಗೆ ಮಾತ್ರೆ ಇಟ್ಟವನು ನಾನು, ‘ತಪ್ಪಲ್ಲ’ ಅಂದವನು ನಾನು. ಓಡಿ ಹೋಗಿ ಭುಜ ಹಿಡಿದು ಅಲ್ಲಾಡಿಸಿದೆ.

“ಮಾವ! ಮಾವ! ಕಣ್ಣು ಬಿಡಿ! ನಿಮ್ಮ ಹೆಸರೇನು ಹೇಳಿ!”

ಪ್ರಜ್ಞೆ ಇದೆಯೋ ಇಲ್ಲವೋ ನೋಡಲು ಹೀಗೆ ಕೇಳಬೇಕೆಂದು ಕಾರ್ಖಾನೆಯ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಮಾವ ಒಂದು ಕಣ್ಣು ತೆರೆದರು. “ಯಾಕೆ, ನೀವು ಮರೆತುಬಿಟ್ರಾ?”

“ತಲೆ ಸುತ್ತುತ್ತಾ?”

“ನೀವು ಅಲ್ಲಾಡಿಸೋದು ನಿಲ್ಲಿಸಿದ ಮೇಲೆ ನೋಡಿ ಹೇಳ್ತೀನಿ.”

ಇದು ಸಕ್ಕರೆ ಇಳಿದವರು ಆಡುವ ಅಡ್ಡಾದಿಡ್ಡಿ ಮಾತೇ ಎಂದು ನನಗೆ ಖಾತ್ರಿಯಾಯಿತು. ಸಕ್ಕರೆ ಬೇಕು, ತಕ್ಷಣ ಬೇಕು! ನನ್ನ ಪೆಟ್ಟಿಗೆಯಲ್ಲಿ ಸಕ್ಕರೆಯ ಗೂಡೇ ಇರಲಿಲ್ಲ. ಮತ್ತೆ ಟೈಲರಮ್ಮ.

“ಅಮ್ಮಾ, ಸಕ್ಕರೆ! ಬೇಗ!”

“ಅನ್ನಕ್ಕಾ?”

“ಮಾವನಿಗೆ!”

ಅವಳು ಒಂದು ಹಿಡಿ ಸಕ್ಕರೆಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟಳು. ಜೊತೆಗೆ ನನ್ನ ಮುಖ ನೋಡಿ, ಕೇಳದೆಯೇ ಒಂದು ಸೌಟನ್ನೂ ಕೊಟ್ಟಳು. “ನಿನ್ನ ಹತ್ರ ಇರಲ್ಲ ಅಂತ ಗೊತ್ತು,” ಅಂದಳು. ಅರ್ಧ ದಾರಿಗೆ ಬಂದಾಗ ಉಪ್ಪೂ ಇಲ್ಲ ಎಂಬುದು ನೆನಪಾಯಿತು. ಮತ್ತೆ ಹೋಗಿ ಕೇಳಲು ಮುಖವಿರಲಿಲ್ಲ. ಪ್ರಾಣಕ್ಕೇ ಬಂದಿರುವಾಗ ಉಪ್ಪು ಯಾರಿಗೆ ಬೇಕು!

“ಮಾವ, ಬಾಯಿ ತೆಗೀರಿ!”

“ಏನದು?”

“ಸಕ್ಕರೆ!”

“ನನಗೆ ಸಕ್ಕರೆ ಕಾಯಿಲೆ ಕಣ್ರೀ!”

“ಅದಕ್ಕೇ ಮಾವ!”

“ಅದಕ್ಕೇನಾ?” ಮಾವ ಕುರ್ಚಿಯಿಂದ ಎದ್ದೇಬಿಟ್ಟರು. “ಪುಟ್ಟೀ! ನಿನ್ನ ಯಜಮಾನ್ರು ನನಗೆ ಸಕ್ಕರೆ ತಿನ್ನಿಸೋಕೆ ಬರ್ತಿದ್ದಾರೆ!”

“ತಿನ್ನಬೇಡ ಅಪ್ಪಾ,” ಎಂದಳು ಹೆಂಡತಿ ಮಗ್ಗುಲು ಬದಲಿಸುತ್ತಾ.

ನಾನು ಮೂವತ್ತು ಹೆಜ್ಜೆಯನ್ನು ಹತ್ತು ಹೆಜ್ಜೆಯಲ್ಲಿ ದಾಟಿದೆ. “ನಿನಗೆ ಹೃದಯ ಇದೆಯಾ? ಮಾವ ಹನ್ನೆರಡೂವರೆಗೆ ಮಾತ್ರೆ ತಗೊಂಡಿದ್ದಾರೆ! ಈಗ ಒಂದೂವರೆ! ಅಲ್ಲಿ ತಲೆ ವಾಲಿಸಿ ಬಿದ್ದಿದ್ರು!”

“ಅಪ್ಪ ದಿನಾ ಈ ಹೊತ್ತಿಗೆ ಒಂದು ತೂಕಡಿಕೆ ತೂಕಡಿಸ್ತಾರೆ.”

“ಲ್ಯಾಬಿನಲ್ಲಿ ಕೆಲಸ ಮಾಡೋಳು ನೀನು! ನಿನಗೆ ಗೊತ್ತಿಲ್ವಾ ಏನಾಗುತ್ತೆ ಅಂತ?”

“ಗೊತ್ತು,” ಅಂದಳು. “ನೀವು ಹೋಗಿ ಒಲೆ ನೋಡಿ. ಉಕ್ಕುತ್ತಾ ಇದೆ.”

ಹೆತ್ತ ಅಪ್ಪ ಅಲ್ಲಿ ಕೂತಿದ್ದಾರೆ, ಮಗಳು ಇಲ್ಲಿ ವಾರಭವಿಷ್ಯ ಓದುತ್ತಿದ್ದಾಳೆ! ಈ ಕಲ್ಲುಗುಂಡಿಗೆಯವಳ ಜೊತೆ ಹನ್ನೊಂದು ವರ್ಷ ಹೇಗೆ ಬಾಳಿದೆನಪ್ಪ ಎಂದುಕೊಳ್ಳುತ್ತಾ ವಾಪಸು ಓಡಿದೆ. ಸಕ್ಕರೆ ಪೊಟ್ಟಣವನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ. ಮಾವ ಕುಸಿದ ಕೂಡಲೇ ಬಾಯಿಗೆ ಸುರಿಯುವುದು, ಅವರು ಏನೇ ಅನ್ನಲಿ.

ಮುಂದಿನ ಇಪ್ಪತ್ತು ನಿಮಿಷ ನಾನು ಎಡಗಣ್ಣಿನಲ್ಲಿ ಪಾತ್ರೆಯನ್ನೂ ಬಲಗಣ್ಣಿನಲ್ಲಿ ಮಾವನನ್ನೂ ಕಾದೆ. ಅವರು ಕೆಮ್ಮಿದರೆ ಸೌಟು ಬಿಟ್ಟು ಓಡಿದೆ. ಕೆಮ್ಮದಿದ್ದರೆ, ಯಾಕೆ ಕೆಮ್ಮುತ್ತಿಲ್ಲ ಎಂದು ಓಡಿದೆ. ಈ ಓಡಾಟದಲ್ಲಿ ಅನ್ನ ತಳ ಹಿಡಿಯಿತು. ನೀರು ಸುರಿದೆ. ನೀರು ಜಾಸ್ತಿಯಾಯಿತು. ಉರಿ ಏರಿಸಿದೆ. ಮತ್ತೆ ತಳ ಹಿಡಿಯಿತು. ಕೊನೆಗೆ ಅಕ್ಕಿಯೂ ತರಕಾರಿಯೂ ತಮ್ಮ ತಮ್ಮ ರೂಪ ಬಿಟ್ಟು ಒಂದರಲ್ಲೊಂದು ಲೀನವಾಗಿ, ಬೂದುಬಣ್ಣದ ಮುದ್ದೆಯೊಂದು ಬುಳುಕ್ ಬುಳುಕ್ ಎನ್ನುತ್ತಾ ಅವತರಿಸಿತು.

ಒಂದೂ ಐವತ್ತು! ಮಾತ್ರೆ ನುಂಗಿ ಒಂದು ಗಂಟೆ ಇಪ್ಪತ್ತು ನಿಮಿಷ! ತಟ್ಟೆಗೆ ಬಡಿಸಿಕೊಂಡು, ಬಿಸಿಯನ್ನು ಊದುತ್ತಾ ಊದುತ್ತಾ ಮಾವನ ಮುಂದೆ ಮಂಡಿಯೂರಿದೆ. ನನ್ನ ಕಣ್ಣಲ್ಲಿ ನೀರಿತ್ತು. ಹೊಗೆಯಿಂದಲೂ ಇರಬಹುದು.

“ಮಾವ, ತಿನ್ನಿ! ತಪ್ಪಾಯ್ತು. ಮೊದಲು ತಿನ್ನಿ, ಆಮೇಲೆ ಬೇಕಾದಷ್ಟು ಬೈಯಿರಿ!”

ಮಾವ ಬಗ್ಗಿ ತಟ್ಟೆ ನೋಡಿದರು. ಬೆರಳಿನಿಂದ ಒಂದಗುಳು, ಅಗುಳು ಅನ್ನಬಹುದಾದರೆ, ಹಿಸುಕಿ ನೋಡಿದರು.

“ಬೆಂದಿದೆ,” ಅಂದರು. “ಈಗ ನಂಬಬಹುದು.”

ಹೀಗೆಂದು ಅಂಗಿಯ ಜೇಬಿಗೆ ಕೈ ಹಾಕಿ, ಒಂದು ಚೂರು ಪೇಪರಿನ ಮಡಿಕೆ ತೆಗೆದು, ಅದರೊಳಗಿಂದ ಮಾತ್ರೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡು, ನೀರು ಕುಡಿದರು.

ನಾನು ನೋಡುತ್ತಲೇ ಇದ್ದೆ. “ಅದು... ಅದು ಯಾವ ಮಾತ್ರೆ?”

“ನೀವು ಕೊಟ್ಟಿದ್ದೇ.”

“ಹನ್ನೆರಡೂವರೆಗೆ ನುಂಗಿದ್ರಲ್ಲ!”

“ನೀರು ಕುಡಿದೆ. ಬಾಯಾರಿಕೆ ಆಗಿತ್ತು.” ಅವರು ನನ್ನ ಭುಜದ ಮೇಲೆ ಕೈಯಿಟ್ಟರು. “ಅಳಿಯಂದ್ರೇ, ಮೂವತ್ತು ವರ್ಷ ಆ ಕೌಂಟರಿನಲ್ಲಿ ಕೂತು ಜನರಿಗೆ ‘ಇನ್ನೈದು ನಿಮಿಷದಲ್ಲಿ ಬರುತ್ತೆ’ ಅಂತ ಹೇಳಿದವನು ನಾನು. ಆ ಮಾತಿಗೆ ಎಷ್ಟು ಬೆಲೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?”

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಪತ್ರಿಕೆ ಮಡಿಸಿ ಹತ್ತಿರ ಬಂದಿದ್ದಳು.

“ನಿನಗೆ ಗೊತ್ತಿತ್ತಾ?”

“ಬೆಳಿಗ್ಗೆ ನಾನೇ ಹೇಳಿದ್ದೆ. ತಟ್ಟೆ ಕಣ್ಣಿಗೆ ಕಾಣೋವರೆಗೂ ನುಂಗಬೇಡ ಅಪ್ಪಾ, ಅಂತ.”

“ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು?”

“ಹೇಳಿದ್ದಿದ್ರೆ,” ಅಂದಳು, “ಇಷ್ಟು ಬೇಗ ಅಡುಗೆ ಮಾಡ್ತಿದ್ರಾ?”

ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಉತ್ತರದ ಬದಲು ಮೈಯೆಲ್ಲ ಬೆವರು ಬಂತು. ಕೈ ಗಡಗಡ ನಡುಗಿತು. ಮಾವ ಇಬ್ಬರಾದರು, ಹೆಂಡತಿ ಮೂವರಾದಳು. ಮಂಡಿಯೂರಿದ್ದವನು ಹಾಗೇ ಪಕ್ಕಕ್ಕೆ ವಾಲಿದೆ.

“ಅಯ್ಯೋ! ರೀ!” ಆ ದಿನ ಮೊದಲ ಬಾರಿಗೆ ಅವಳ ದನಿಯಲ್ಲಿ ಗಾಬರಿ ಕೇಳಿಸಿತು. “ಬೆಳಗ್ಗಿಂದ ಏನು ತಿಂದಿದ್ದೀರಿ?”

ನಾನು ಯೋಚಿಸಿದೆ. ಪೆಟ್ಟಿಗೆ ಸೀಲ್ ಮಾಡುವ ಸಂಭ್ರಮದಲ್ಲಿ ತಿಂಡಿಯನ್ನೇ ತಿಂದಿರಲಿಲ್ಲ.

ಇಬ್ಬರೂ ಸೇರಿ ನನ್ನನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿದರು. ಮಾವ ನನ್ನ ಬಿಗಿದ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ತೆರೆದು, ಬೆವರಿಗೆ ಒದ್ದೆಯಾಗಿದ್ದ ಪೊಟ್ಟಣ ಬಿಚ್ಚಿದರು. “ಬಾಯಿ ತೆಗೀರಿ, ಅಳಿಯಂದ್ರೇ,” ಅಂದರು. ಸಕ್ಕರೆ ನಾಲಿಗೆಯ ಮೇಲೆ ಕರಗಿತು. ಹೆಂಡತಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವಾರಪತ್ರಿಕೆಯಿಂದ ಗಾಳಿ ಬೀಸಿದಳು. ಆಕಾಶ ಸ್ವಚ್ಛವಾಗಿ ಕಾಣುತ್ತಿತ್ತು. ಎರಡು ದಿನ ಅವಳು ನೋಡಬೇಕಿದ್ದ ಆಕಾಶವನ್ನು ನಾನು ನೋಡುತ್ತಾ ಮಲಗಿದ್ದೆ.

ಮಾವ ಗಡಿಯಾರ ನೋಡಿಕೊಂಡು, “ನನ್ನ ಊಟ ಎರಡೂ ಇಪ್ಪತ್ತಕ್ಕೆ,” ಅಂದರು.

ಎರಡೂ ಇಪ್ಪತ್ತಕ್ಕೆ ಸರಿಯಾಗಿ ಟೈಲರಮ್ಮ ಬಂದಳು, ತಲೆಯ ಮೇಲೆ ಮುಚ್ಚಿದ ಪಾತ್ರೆ ಹೊತ್ತುಕೊಂಡು. “ಇಷ್ಟೊತ್ತು ಓಡಾಡೋದು ನೋಡ್ತಾ ಇದ್ದೆ. ನಾಲ್ಕು ಜನಕ್ಕೆ ಆಗೋಷ್ಟು ಜಾಸ್ತಿನೇ ಮಾಡಿದೀನಿ,” ಅಂದಳು. ಮುಚ್ಚಳ ತೆಗೆದಾಗ ಬಂದ ಘಮಕ್ಕೆ ನನ್ನ ನಡುಕವೆಲ್ಲ ಹಾರಿಹೋಯಿತು. ಮೊಣಕೈ ಊರಿ ಗಬಕ್ಕನೆ ಎದ್ದು ಕೂರಲು ನೋಡಿದೆ.

ಹೆಂಡತಿ ಒಂದೇ ಕೈಯಲ್ಲಿ ನನ್ನನ್ನು ಮತ್ತೆ ಮಲಗಿಸಿದಳು. “ನಿಮಗೆ ಅದು ಬೇಡ. ಖಾರ, ಎಣ್ಣೆ ಎಲ್ಲಾ ಜೋರಾಗಿದೆ. ತಲೆ ತಿರುಗಿ ಬಿದ್ದವರಿಗೆ ಆಗಿಬರಲ್ಲ.”

“ಹಾಗಾದ್ರೆ ನನಗೇನು?” ಎಂದೆ, ಅಳು ಬರುವುದೊಂದು ಬಾಕಿ.

ಅವಳು ಮೇಜಿನ ಮೇಲಿದ್ದ ಬೂದುಬಣ್ಣದ ಪಾತ್ರೆಯನ್ನು ತಂದು ನನ್ನ ಪಕ್ಕಕ್ಕಿಟ್ಟು, ಒಂದು ಚಮಚ ತೆಗೆದು ರುಚಿ ನೋಡಿದಳು.

“ಉಪ್ಪಿಲ್ಲ, ಖಾರ ಇಲ್ಲ, ಅಗಿಯೋ ಕೆಲಸವೂ ಇಲ್ಲ,” ಅಂದಳು. “ಅಪ್ಪಾ, ಇವರು ಪಾಪ ಇಷ್ಟೊತ್ತು ಒದ್ದಾಡಿದ್ದು ದಂಡ ಆಗಲಿಲ್ಲ ನೋಡು. ಕಾಯಿಲೆಯವರ ಊಟ ಇದಕ್ಕಿಂತ ಚೆನ್ನಾಗಿ ಮಾಡೋಕೆ ಸಾಧ್ಯನೇ ಇಲ್ಲ!”

ಚಮಚ ನನ್ನ ಕಡೆ ಬಂತು. ನಾನು ಬಾಯಿ ತೆರೆದೆ.